ಲೂಯೀಸ್ ಬೂರ್ಜ್ವಾ ಅವರ ಶಿಲ್ಪ, ಮುದ್ರಣಕಲೆ ಮತ್ತು ಮನೋಸಂಕೇತ: ಒಂದು ಜಾನಪದೀಯ ವಿವೇಚನೆ

ಜನಪದ ಕಥೆಯೊಂದಕ್ಕೆ ಮೂಲಪಾಠವನ್ನು ಹುಡುಕುವ ಪ್ರಯತ್ನವನ್ನು ಜಾನಪದ ವಿದ್ವಾಂಸರು ಬಹುಮಟ್ಟಿಗೆ ಕೈಬಿಟ್ಟು ಹಲವು ದಶಕಗಳೇ ಆಗಿವೆ. ಐತಿಹಾಸಿಕ-ಭೌಗೋಳಿಕ ವಿಧಾನವನ್ನು ಅನುಸರಿಸಿದವರು ಒಂದು ಕಥೆಯ ನೂರಾರು ಪಾಠಗಳನ್ನು ಸಂಗ್ರಹಿಸಿ, ಅವುಗಳ ಹಿಂದೆ ಅಡಗಿರಬಹುದಾದ ಆದಿರೂಪವನ್ನು ಪುನಾರಚಿಸಲು ಶ್ರಮಿಸಿದರು. ಅವರ ಶ್ರಮದಿಂದ ಉಳಿದ ಲಾಭವೆಂದರೆ ಆದಿರೂಪವಲ್ಲ, ಪಾಠಾಂತರಗಳ ಬೃಹತ್ ಭಂಡಾರ. ಪ್ರತಿಯೊಂದು ಪಾಠವೂ ತನ್ನಷ್ಟಕ್ಕೆ ಪೂರ್ಣ, ಪ್ರತಿಯೊಂದು ಹೇಳಿಕೆಯೂ ಹೊಸದಾದ ಒಂದು ಸಂದರ್ಭದ ಸೃಷ್ಟಿ ಎಂಬ ತಿಳಿವಳಿಕೆ ಇಂದು ಸಾಮಾನ್ಯವಾಗಿದೆ. ಆದರೆ ಈ ತಿಳಿವಳಿಕೆ ಆಧುನಿಕ ಕಲೆಯ ವಿಮರ್ಶೆಗೆ ಇನ್ನೂ ಪೂರ್ತಿಯಾಗಿ ಸಂದಿಲ್ಲ. ಅಲ್ಲಿ ಕಲಾವಿದನ ಬಾಳಿನ ಒಂದು ಘಟನೆಯೇ ಮೂಲಪಾಠವಾಗಿ, ಉಳಿದ ಕೃತಿಗಳೆಲ್ಲ ಅದರ ಅನುವಾದಗಳಾಗಿ ಕಾಣುವ ಅಭ್ಯಾಸ ಬಲವಾಗಿದೆ. ಈ ಅಭ್ಯಾಸದ ಲಾಭನಷ್ಟಗಳನ್ನು ಪರಿಶೀಲಿಸಲು ಲೂಯೀಸ್ ಬೂರ್ಜ್ವಾ ಅವರಿಗಿಂತ ತಕ್ಕ ನಿದರ್ಶನ ದೊರೆಯುವುದು ಕಷ್ಟ.

ಬೂರ್ಜ್ವಾ ಎಂಬ ಪದವನ್ನು ಕನ್ನಡದ ಓದುಗರು ಮಾರ್ಕ್ಸ್‌ವಾದಿ ವಿಮರ್ಶೆಯ ಪರಿಭಾಷೆಯಾಗಿ ಬಲ್ಲರು. ಇಲ್ಲಿ ಅದು ಕೇವಲ ಮನೆತನದ ಹೆಸರು. ಲೂಯೀಸ್ ಅವರು 1911ರ ಡಿಸೆಂಬರ್ 25ರಂದು ಪ್ಯಾರಿಸ್‌ನಲ್ಲಿ ಹುಟ್ಟಿದರು. 1938ರಲ್ಲಿ ಅಮೆರಿಕದ ಕಲಾ ಇತಿಹಾಸಕಾರ ರಾಬರ್ಟ್ ಗೋಲ್ಡ್‌ವಾಟರ್ ಅವರನ್ನು ಮದುವೆಯಾಗಿ ನ್ಯೂಯಾರ್ಕ್‌ಗೆ ಬಂದರು. 2010ರ ಮೇ 31ರಂದು, 98ನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು. ಏಳು ದಶಕಗಳ ಕಾಲ ನಡೆದ ಆಕೆಯ ಕಲಾಕಾರ್ಯದಲ್ಲಿ ಮರ, ಪ್ಲಾಸ್ಟರ್, ಲೇಟೆಕ್ಸ್, ಅಮೃತಶಿಲೆ, ಕಂಚು, ಉಕ್ಕು, ಹಳೆಯ ಬಟ್ಟೆ ಎಲ್ಲವೂ ಬಳಕೆಯಾಗಿವೆ. ಇವುಗಳ ಜೊತೆಗೆ ಸುಮಾರು 1,200 ಮುದ್ರಣ ವಿನ್ಯಾಸಗಳಿವೆ. ಒಂದೊಂದು ವಿನ್ಯಾಸಕ್ಕೂ ಹಲವು ಹಂತಗಳ ಅಚ್ಚುಗಳಿರುವುದರಿಂದ ಹಾಳೆಗಳ ಲೆಕ್ಕ ಸಾವಿರಗಳಲ್ಲಿ ಆಗುತ್ತದೆ. ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಈ ಹಾಳೆಗಳನ್ನು ಸಂಗ್ರಹಿಸಿ ಸೂಚೀಕರಿಸಿದೆ. ಜಗತ್ತಿಗೆ ಆಕೆ ಪರಿಚಿತರಾಗಿರುವುದು ಶಿಲ್ಪಿಯಾಗಿ, ಅದರಲ್ಲಿಯೂ ದೈತ್ಯ ಜೇಡನ ಶಿಲ್ಪಿಯಾಗಿ. ಆ ಪರಿಚಯ ತಪ್ಪಲ್ಲ. ಆದರೆ ಅಚ್ಚುಗಳನ್ನು ಬಿಟ್ಟು ಶಿಲ್ಪಗಳನ್ನಷ್ಟೇ ನೋಡಿದರೆ ಆಕೆಯ ಸಂಕೇತಗಳು ಹೇಗೆ ಹುಟ್ಟಿ, ಹೇಗೆ ಬದಲಾಗಿ, ಹೇಗೆ ತಿರುಗುಮುರುಗಾದವು ಎಂಬ ಪ್ರಶ್ನೆ ಉತ್ತರವಿಲ್ಲದೆ ಉಳಿಯುತ್ತದೆ.

ಮನೆತನದ ಕಸುಬಿನಿಂದ ಆರಂಭಿಸುವುದು ಉಚಿತ. ತಂದೆ ಲೂಯಿ, ತಾಯಿ ಜೋಸೆಫಿನ್ ಇಬ್ಬರೂ ಹಳೆಯ ಚಿತ್ರನೇಯ್ಗೆಯ ತೆರೆಗಳನ್ನು ಕೊಂಡು, ದುರಸ್ತಿ ಮಾಡಿ, ಮಾರುವ ವ್ಯಾಪಾರ ನಡೆಸುತ್ತಿದ್ದರು. ತಾಯಿಯ ಮೂಲ ಫ್ರಾನ್ಸಿನ ಓಬುಸಾಂ ಪ್ರದೇಶ. ಶತಮಾನಗಳಿಂದ ಚಿತ್ರನೇಯ್ಗೆಗೆ ಹೆಸರಾದ ಊರು ಅದು. ಪ್ಯಾರಿಸ್‌ನ ಹೊರವಲಯದ ಆಂತೋನಿಯಲ್ಲಿದ್ದ ಅವರ ಮನೆಯ ಪಕ್ಕದಲ್ಲಿ ಬಿಯೆವ್ರ್ ಎಂಬ ಹೊಳೆ ಹರಿಯುತ್ತಿತ್ತು. ಅದರ ನೀರು ಬಣ್ಣ ಕಟ್ಟುವುದಕ್ಕೆ ಅನುಕೂಲವಾಗಿತ್ತು. ದುರಸ್ತಿಗೆ ಬರುವ ತೆರೆಗಳು ಗೋಡೆಗೆ ತೂಗುಹಾಕಿದ್ದಂಥವು. ಅವುಗಳ ಕೆಳ ಅಂಚು ಸವೆದು, ಹರಿದು, ಚಿತ್ರದ ಮನುಷ್ಯರ ಮತ್ತು ಕುದುರೆಗಳ ಪಾದಗಳು ಕಾಣೆಯಾಗಿರುತ್ತಿದ್ದವು. ಆ ಪಾದಗಳನ್ನು ಬರೆದುಕೊಡುವ ಕೆಲಸ ಎಳೆಯ ಲೂಯೀಸ್ ಅವರ ಪಾಲಿಗೆ ಬಂದಿತು. ಆಕೆಯ ಮೊದಲ ಚಿತ್ರಗಳು ಹೀಗೆ ಇಲ್ಲದ ಅಂಗಗಳ ಚಿತ್ರಗಳು.

ಇದಕ್ಕಿಂತಲೂ ಗಮನಾರ್ಹವಾದ ಇನ್ನೊಂದು ಸಂಗತಿಯನ್ನು ಬೂರ್ಜ್ವಾ ಅವರೇ ಹೇಳಿದ್ದಾರೆ. ತೆರೆಗಳನ್ನು ಕೊಳ್ಳುತ್ತಿದ್ದ ಅಮೆರಿಕದ ಸಂಗ್ರಾಹಕರಿಗೆ ಬೆತ್ತಲೆ ಶಿಶುರೂಪಗಳ ಗುಪ್ತಾಂಗಗಳು ಮುಜುಗರ ತರುತ್ತಿದ್ದವು. ಆದುದರಿಂದ ತಾಯಿ ಆ ಭಾಗವನ್ನು ಎಚ್ಚರಿಕೆಯಿಂದ ಕತ್ತರಿಸಿ ತೆಗೆದು, ಆ ಜಾಗದಲ್ಲಿ ಹೂವನ್ನು ನೇಯಿಸುತ್ತಿದ್ದರಂತೆ. ಫ್ರಾಯ್ಡ್ ಪ್ರತಿಪಾದಿಸಿದ ಸ್ಥಾನಾಂತರ ಎಂಬ ಪರಿಕಲ್ಪನೆ ಇಲ್ಲಿ ಸಿದ್ಧಾಂತವಾಗುವ ಮೊದಲೇ ಕಸುಬಿನ ರೂಢಿಯಾಗಿದೆ. ಒಂದರ ಜಾಗದಲ್ಲಿ ಇನ್ನೊಂದನ್ನು ಇಡುವುದು, ಇಟ್ಟದ್ದು ಕಾಣದಂತೆ ಅಂಚುಗಳನ್ನು ಕೂಡಿಸುವುದು ಎಂಬ ಕ್ರಮವನ್ನು ಆಕೆ ಮನೋವಿಶ್ಲೇಷಕನ ಕೋಣೆಯಲ್ಲಿ ಕಲಿಯಲಿಲ್ಲ, ಸೂಜಿ ಮತ್ತು ಕತ್ತರಿಯ ಬಳಿ ಕಲಿತರು. ಸಂಕೇತವನ್ನು ಕುರಿತ ಚರ್ಚೆಯಲ್ಲಿ ಈ ಅಂಶಕ್ಕೆ ಸಲ್ಲಬೇಕಾದ ಮಹತ್ವ ಸಂದಿಲ್ಲ. ಜಾನಪದ ಕ್ಷೇತ್ರದಲ್ಲಿಯೂ ಇಂಥದೇ ಒಂದು ಲೋಪ ನಡೆಯುತ್ತ ಬಂದಿದೆ: ಕುಂಬಾರನ, ನೇಕಾರನ ಕಸುಬಿನ ಮಾತನ್ನು ಬದಿಗಿರಿಸಿ ಅವರ ಸಂಕೇತಗಳಿಗೆ ಸಾರ್ವತ್ರಿಕ ಅರ್ಥವನ್ನು ಕಟ್ಟುವ ಆತುರ.

ಮುದ್ರಣಕೃತಿಗಳೊಂದಿಗಿನ ಆಕೆಯ ಸಂಬಂಧವೂ ಇದೇ ಮನೆಯಿಂದ ಬಂದದ್ದು. ತಂದೆಯ ಮಳಿಗೆಯ ಒಂದು ಮೂಲೆಯಲ್ಲಿ ಆಕೆ 1938ರಲ್ಲಿ ಚಿತ್ರಗಳು ಮತ್ತು ಅಚ್ಚುಗಳ ಪುಟ್ಟ ವ್ಯಾಪಾರವನ್ನು ಆರಂಭಿಸಿದರು. ಗೋಲ್ಡ್‌ವಾಟರ್ ಅಲ್ಲಿಗೆ ಗಿರಾಕಿಯಾಗಿ ಬಂದವರು. ಅದೇ ವರ್ಷ ಅವರ 'ಪ್ರಿಮಿಟಿವಿಸಂ ಇನ್ ಮಾಡರ್ನ್ ಪೇಂಟಿಂಗ್' ಎಂಬ ಗ್ರಂಥ ಪ್ರಕಟವಾಯಿತು. ಆಫ್ರಿಕ ಮತ್ತು ಓಶಿಯಾನಿಯಾದ ಕಲೆಯನ್ನು ಯುರೋಪಿನ ಆಧುನಿಕರು ಹೇಗೆ ಕಂಡರು ಎಂಬ ವಿಷಯದ ಆರಂಭದ ಗಂಭೀರ ಅಧ್ಯಯನಗಳಲ್ಲಿ ಇದು ಒಂದು. ಮುಂದೆ ಅವರು 1957ರಲ್ಲಿ ನ್ಯೂಯಾರ್ಕ್‌ನಲ್ಲಿ ತೆರೆದ ಮ್ಯೂಸಿಯಂ ಆಫ್ ಪ್ರಿಮಿಟಿವ್ ಆರ್ಟ್‌ನ ನಿರ್ದೇಶಕರಾದರು. 'ಪ್ರಿಮಿಟಿವ್' ಎಂಬ ಪದವನ್ನು ಇಂದು ಯಾವ ಮಾನವಶಾಸ್ತ್ರಜ್ಞನೂ ಸಂಕೋಚವಿಲ್ಲದೆ ಬಳಸಲಾರ. ಅದೇನೇ ಇರಲಿ, ಬೂರ್ಜ್ವಾ ಅವರ ಮನೆಯಲ್ಲಿ ಪೂರ್ವಜರ ಪ್ರತಿಮೆ, ಕಾವಲಿನ ಬೊಂಬೆ, ಮುಖವಾಡಗಳ ಕುರಿತ ಮಾತು ದಿನನಿತ್ಯದ ಮಾತಾಗಿತ್ತು ಎಂಬುದನ್ನು ಮರೆಯುವಂತಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸ್ಟ್ಯಾನ್ಲಿ ವಿಲಿಯಂ ಹೇಟರ್ ಅವರ 'ಅತೆಲಿಯೇ 17' ಎಂಬ ಮುದ್ರಣ ಕಾರ್ಯಾಗಾರ ಪ್ಯಾರಿಸ್‌ನಿಂದ ನ್ಯೂಯಾರ್ಕ್‌ಗೆ ಸ್ಥಳಾಂತರಗೊಂಡಿತ್ತು. 1940ರ ದಶಕದ ನಡುವೆ ಬೂರ್ಜ್ವಾ ಅಲ್ಲಿ ತಾಮ್ರದ ಫಲಕದ ಮೇಲೆ ಬ್ಯೂರಿನ್ ಎಂಬ ಉಳಿಯಿಂದ ಕೊರೆಯುವ ಎನ್‌ಗ್ರೇವಿಂಗ್ ವಿಧಾನದಲ್ಲಿ ಕೆಲಸ ಮಾಡಿದರು. 1947ರಲ್ಲಿ ಪ್ರಕಟವಾದ 'ಹಿ ಡಿಸಪಿಯರ್ಡ್ ಇನ್‌ಟು ಕಂಪ್ಲೀಟ್ ಸೈಲೆನ್ಸ್' ಎಂಬ ಸಂಪುಟ ಅದರ ಫಲ. ಒಂಬತ್ತು ಅಚ್ಚುಗಳು, ಒಂದೊಂದಕ್ಕೂ ಆಕೆಯೇ ಬರೆದ ಪುಟ್ಟ ಕಥೆ. ಪ್ರಕಟಣೆಯ ಕಾಲದಲ್ಲಿ ಇದು ಹೆಚ್ಚೇನೂ ಮಾರಾಟವಾಗಲಿಲ್ಲ. ಆದರೆ ಮುಂದಿನ ಅರುವತ್ತು ವರ್ಷಗಳ ಕೆಲಸದ ಬೀಜ ಇದರಲ್ಲಿದೆ ಎಂದರೆ ಅತಿಶಯೋಕ್ತಿಯಾಗದು.

ಈ ಒಂಬತ್ತು ಕಥೆಗಳನ್ನು ಕಲಾವಿಮರ್ಶಕರು ನೀತಿಕಥೆ, ದೃಷ್ಟಾಂತ ಎಂದೆಲ್ಲ ಕರೆದಿದ್ದಾರೆ. ಜಾನಪದ ದೃಷ್ಟಿಯಿಂದ ನೋಡಿದರೆ ಇವುಗಳ ರಚನೆ ಬೇರೆ ಬಗೆಯದು. ಹೆಸರಿಲ್ಲದ ಪಾತ್ರಗಳು, 'ಒಂದಾನೊಂದು ಕಾಲದಲ್ಲಿ' ಎಂಬ ಧಾಟಿಯ ಆರಂಭ, ಭಾವದ ಏರಿಳಿತವಿಲ್ಲದ ನಿರೂಪಣೆ, ಒಂದೇ ಘಟನೆ, ತಟಕ್ಕನೆ ಮುಗಿಯುವ ಕೊನೆ ಇವೆಲ್ಲ ಮೌಖಿಕ ಕಥೆಯ ಲಕ್ಷಣಗಳು. ಆದರೆ ಜನಪದ ಕಥೆಯಲ್ಲಿ ಕೊರತೆಯಿಂದ ಆರಂಭವಾದದ್ದು ಕೊರತೆಯ ನಿವಾರಣೆಯಲ್ಲಿ ಮುಗಿಯುತ್ತದೆ. ವ್ಲಾದಿಮಿರ್ ಪ್ರಾಪ್ ಅವರು ಗುರುತಿಸಿದ ಕಾರ್ಯಗಳ ಸರಪಣಿಯ ತಿರುಳೇ ಇದು. ಬೂರ್ಜ್ವಾ ಅವರ ಕಥೆಗಳಲ್ಲಿ ಕೊರತೆ ಮಾತ್ರ ಇದೆ, ನಿವಾರಣೆ ಇಲ್ಲ. ಪ್ರಿಯಕರನನ್ನು ಕಾಣಲು ಅಲಂಕರಿಸಿಕೊಂಡು ನಿಲ್ದಾಣದ ಬಳಿ ಕಾದ ಹುಡುಗಿಗೆ ಅವನು ಸಿಗುವುದಿಲ್ಲ. ಸೊಗಸಾದ ಕಥೆಯೊಂದನ್ನು ಹೇಳುವ ಉತ್ಸಾಹದಲ್ಲಿ ಒಬ್ಬಾತ ಎಷ್ಟು ವೇಗವಾಗಿ ಹೇಳುತ್ತಾನೆಂದರೆ ಯಾರಿಗೂ ಅದು ತಿಳಿಯುವುದಿಲ್ಲ. ಸಕ್ಕರೆ ಅಪರೂಪವಾಗಿದ್ದ ಬೆಟ್ಟಸೀಮೆಯ ಬಾಲಕಿ ತನ್ನ ಪಾಲಿನ ಸಕ್ಕರೆಯ ತುಂಡನ್ನು ಮಣ್ಣಿನಲ್ಲಿ ಬಚ್ಚಿಡುತ್ತಾಳೆ, ಒದ್ದೆ ಮಣ್ಣಿನಲ್ಲಿ ಅದು ಕರಗಿಹೋಗುತ್ತದೆ. ಮಗನನ್ನು ಅತಿಯಾಗಿ ಪ್ರೀತಿಸಿ ಕಾಪಾಡಿದ ತಾಯಿಯನ್ನು ಆ ಮಗ ಬಿಟ್ಟುಹೋಗುತ್ತಾನೆ. ಆಕೆ ಸತ್ತ ಸುದ್ದಿಯೂ ಅವನಿಗೆ ಮುಟ್ಟುವುದಿಲ್ಲ.

ಅಚ್ಚುಗಳಲ್ಲಿ ಈ ಹುಡುಗಿಯಾಗಲಿ, ತಾಯಿಯಾಗಲಿ, ಮಗನಾಗಲಿ ಕಾಣುವುದಿಲ್ಲ. ಕಾಣುವುದು ಎತ್ತರದ ಕಟ್ಟಡಗಳು, ಏಣಿಗಳು, ನೀರಿನ ತೊಟ್ಟಿಗಳು, ಎಲ್ಲಿಗೂ ಮುಟ್ಟದ ಕಂಬಗಳು. ಕಥೆಯಲ್ಲಿ ಮನುಷ್ಯರಿದ್ದಾರೆ, ಚಿತ್ರದಲ್ಲಿ ಇಲ್ಲ. ಎರಡರ ನಡುವಣ ಸಂಬಂಧ ವಿವರಣೆಯ ಸಂಬಂಧವಲ್ಲ, ಒಗಟಿನ ಸಂಬಂಧ. ಒಗಟಿನಲ್ಲಿ ಹೇಳಿದ ವಸ್ತು ಒಂದು, ಉತ್ತರ ಇನ್ನೊಂದು, ಎರಡನ್ನೂ ಕೂಡಿಸುವ ಹೊಣೆ ಕೇಳುಗನದು. ಈ ಸಂಪುಟ ಉತ್ತರವನ್ನು ಕೊಡದೆಯೇ ಮುಗಿಯುವ ಒಗಟು.

ಇಲ್ಲಿನ ಒಂದು ಕಥೆಯನ್ನು ವಿಶೇಷವಾಗಿ ಪರಿಶೀಲಿಸಬೇಕು. ಹೆಂಡತಿಯ ಮೇಲೆ ಸಿಟ್ಟಾದ ಗಂಡನೊಬ್ಬ ಆಕೆಯನ್ನು ತುಂಡರಿಸಿ, ಬೇಯಿಸಿ, ಗೆಳೆಯರನ್ನು ಕರೆದು ಔತಣ ನೀಡುತ್ತಾನೆ. ಬಂದವರು ಸಂತೋಷದಿಂದ ಉಂಡು ಹೋಗುತ್ತಾರೆ. ಬಂಧುವಿನ ಮಾಂಸವನ್ನು ಅರಿಯದೆ ಉಣ್ಣುವ ಆಶಯ ಜನಪದ ಕಥಾಲೋಕದಲ್ಲಿ ಬಹು ವ್ಯಾಪಕವಾದುದು. ಮಲತಾಯಿ ಕೊಂದು ಬೇಯಿಸಿದ ಮಗುವನ್ನು ತಂದೆ ಉಣ್ಣುವ ಕಥೆ ಗ್ರಿಮ್ ಸಹೋದರರ ಸಂಗ್ರಹದಲ್ಲಿದೆ. ಅಂತರರಾಷ್ಟ್ರೀಯ ವರ್ಗಸೂಚಿಯಲ್ಲಿ ಅದರ ಸಂಖ್ಯೆ 720. ಗ್ರೀಕರ ಅತ್ರ್ಯೂಸ್ ತನ್ನ ತಮ್ಮನಿಗೆ ಅವನ ಮಕ್ಕಳನ್ನೇ ಉಣಬಡಿಸಿದ ಕಥೆಯೂ ಪ್ರಸಿದ್ಧ. ಅಂಥ ಕಥೆಗಳಲ್ಲಿ ಉಂಡವನಿಗೆ ಕೊನೆಗೆ ಸತ್ಯ ತಿಳಿಯುತ್ತದೆ, ಕೊಂದವರಿಗೆ ಶಿಕ್ಷೆಯಾಗುತ್ತದೆ ಅಥವಾ ಕುಲಕ್ಕೆ ಶಾಪ ತಟ್ಟುತ್ತದೆ. 1947ರ ಅಚ್ಚಿನ ಕಥೆಯಲ್ಲಿ ಯಾರಿಗೂ ಏನೂ ತಿಳಿಯುವುದಿಲ್ಲ. ಅದರ ಭೀಕರತೆ ಇರುವುದು ಅಲ್ಲಿಯೇ.

ಇಪ್ಪತ್ತೇಳು ವರ್ಷಗಳ ಬಳಿಕ, 1974ರಲ್ಲಿ, ಇದೇ ಆಶಯ ಶಿಲ್ಪವಾಗಿ ಮರಳಿತು. 'ದಿ ಡಿಸ್ಟ್ರಕ್ಷನ್ ಆಫ್ ದಿ ಫಾದರ್' ಎಂಬ ಕೃತಿ ಗುಹೆಯಂಥ ಒಂದು ಗೂಡು. ಮೇಲೆ ಕೆಳಗೆ ಉಬ್ಬಿದ ಗುಂಡುರೂಪಗಳು, ನಡುವೆ ಊಟದ ಮೇಜೂ ಹಾಸಿಗೆಯೂ ಆಗಿರುವ ಹಲಗೆ, ಅದರ ಮೇಲೆ ಮಾಂಸದ ತುಂಡುಗಳಂಥ ಆಕಾರಗಳು, ಎಲ್ಲವನ್ನೂ ಆವರಿಸಿದ ಕೆಂಪು ಬೆಳಕು. ಪ್ರಾಣಿಗಳ ಮಾಂಸದ ತುಂಡುಗಳಿಂದಲೇ ಅಚ್ಚು ತೆಗೆದು ಪ್ಲಾಸ್ಟರ್ ಮತ್ತು ಲೇಟೆಕ್ಸ್‌ನಲ್ಲಿ ಈ ಆಕಾರಗಳನ್ನು ಎರಕ ಮಾಡಲಾಗಿತ್ತು. ಊಟದ ಹೊತ್ತಿನಲ್ಲಿ ಜಂಬ ಕೊಚ್ಚುವ ತಂದೆಯನ್ನು ಮಕ್ಕಳು ಎಳೆದು ಮೇಜಿನ ಮೇಲೆ ಹಾಕಿ ಹರಿದು ತಿನ್ನುತ್ತಾರೆ ಎಂಬುದು ಇದಕ್ಕೆ ಕಲಾವಿದೆ ಕೊಟ್ಟ ಕಥೆ. ಇದರ ಹಿಂದಿನ ವರ್ಷವಷ್ಟೇ ಗೋಲ್ಡ್‌ವಾಟರ್ ತೀರಿಕೊಂಡಿದ್ದರು.

ಅಚ್ಚಿನಲ್ಲಿ ಗಂಡ ಹೆಂಡತಿಯನ್ನು ಬೇಯಿಸಿದ್ದ, ಶಿಲ್ಪದಲ್ಲಿ ಮಕ್ಕಳು ತಂದೆಯನ್ನು ತಿನ್ನುತ್ತಾರೆ. ಆಶಯ ಒಂದೇ, ಪಾತ್ರಗಳು ತಿರುಗುಮುರುಗು. ಜಾನಪದ ಕ್ಷೇತ್ರದಲ್ಲಿ ಮನೋವಿಶ್ಲೇಷಣೆಯನ್ನು ಪಟ್ಟುಹಿಡಿದು ಅನ್ವಯಿಸಿದ ಅಲನ್ ಡಂಡಿಸ್ ಅವರು ಇಂಥ ತಿರುವನ್ನು ಪ್ರಕ್ಷೇಪಣಾತ್ಮಕ ವಿಪರ್ಯಯ ಎಂಬ ಪರಿಕಲ್ಪನೆಯಿಂದ ವಿವರಿಸಿದರು: ತನ್ನೊಳಗಿನ ನಿಷಿದ್ಧ ಬಯಕೆಯನ್ನು ಎದುರಾಳಿಯ ಮೇಲೆ ಹೊರಿಸಿ, ಅವನೇ ತನ್ನನ್ನು ಪೀಡಿಸುತ್ತಿದ್ದಾನೆ ಎಂದು ಕಥೆ ಕಟ್ಟುವುದು. ಈ ಪರಿಕಲ್ಪನೆಯ ಬೆಳಕಿನಲ್ಲಿ 1947ರ ಕಥೆಯನ್ನು ಮುಚ್ಚಿದ ಪಾಠವೆಂದೂ 1974ರ ಶಿಲ್ಪವನ್ನು ಬಿಚ್ಚಿದ ಪಾಠವೆಂದೂ ಓದಬಹುದು. ಹಾಗೆ ಓದುವುದರಲ್ಲಿ ಒಂದು ಅಪಾಯವೂ ಇದೆ. ಎರಡನೆಯದು ಸತ್ಯ, ಮೊದಲನೆಯದು ವೇಷ ಎಂದ ಕೂಡಲೇ ಎರಡನೆಯದು ಮೂಲಪಾಠವಾಗಿಬಿಡುತ್ತದೆ. ಕಥೆ ಕೇಳುವವನ ಅನುಭವದಲ್ಲಿ ಎರಡೂ ಪಾಠಗಳು ಏಕಕಾಲಕ್ಕೆ ನಿಜ. ಅವಳು ಬೆಂದವಳೂ ಹೌದು, ಬೇಯಿಸಿದವಳೂ ಹೌದು.

ಈ ಎರಡು ಕೃತಿಗಳ ನಡುವಿನ ಕಾಲದಲ್ಲಿ ನಡೆದ ಸಂಗತಿಗಳನ್ನು ಸಂಗ್ರಹವಾಗಿ ನೋಡಬಹುದು. 1940ರ ದಶಕದ ನಡುವಿನಿಂದ ಸುಮಾರು ಹತ್ತು ವರ್ಷ ಆಕೆ ಮರದ ನಿಲುವುಶಿಲ್ಪಗಳನ್ನು ಕಡೆದರು. 'ಪರ್ಸನೇಜಸ್' ಎಂದು ಹೆಸರಾದ ಇವುಗಳ ಸಂಖ್ಯೆ ಸುಮಾರು 80. ಫ್ರಾನ್ಸಿನಲ್ಲಿ ಬಿಟ್ಟುಬಂದ ಬಂಧುಗಳಿಗೆ, ಗೆಳೆಯರಿಗೆ ಪ್ರತಿಯಾಗಿ, ಮನೆಯ ಮಾಳಿಗೆಯ ಮೇಲೆ ಇವುಗಳನ್ನು ಮಾಡಿದ್ದಾಗಿ ಆಕೆ ಹೇಳಿದ್ದಾರೆ. 1949 ಮತ್ತು 1950ರಲ್ಲಿ ಪೆರಿಡಾಟ್ ಗ್ಯಾಲರಿಯಲ್ಲಿ ಇವುಗಳನ್ನು ಪೀಠವಿಲ್ಲದೆ ನೇರವಾಗಿ ನೆಲಕ್ಕೆ ನಿಲ್ಲಿಸಲಾಯಿತು. ನೋಡಲು ಬಂದವರು ಅವುಗಳ ನಡುವೆ ಓಡಾಡಬೇಕಾಗಿತ್ತು. 1947ರ ಅಚ್ಚುಗಳ ಒಂಟಿ ಕಟ್ಟಡಗಳೇ ಇಲ್ಲಿ ಮನುಷ್ಯಪ್ರಮಾಣಕ್ಕೆ ಇಳಿದು ನಿಂತಿವೆ. ಅಗಲಿದವರ ಜಾಗದಲ್ಲಿ ಕಂಬವನ್ನೋ ಕಲ್ಲನ್ನೋ ನಿಲ್ಲಿಸುವುದು ಅನೇಕ ಸಮುದಾಯಗಳ ಆಚರಣೆ. ಅದು ಸಮುದಾಯದ ಒಪ್ಪಿಗೆಯಿಂದ, ನಿಯತ ವಿಧಿಯಿಂದ ನಡೆಯುವ ಕ್ರಿಯೆ. ಬೂರ್ಜ್ವಾ ಅವರ ಕಂಬಗಳಿಗೆ ಅಂಥ ಸಮುದಾಯವಿಲ್ಲ. ವಿಧಿಯನ್ನು ಒಬ್ಬಂಟಿಯಾಗಿ ಕಲ್ಪಿಸಿಕೊಂಡು ಒಬ್ಬಂಟಿಯಾಗಿಯೇ ನೆರವೇರಿಸಬೇಕಾದ ವಲಸೆಗಾರ್ತಿಯ ಸ್ಥಿತಿ ಅದು. ಗೋಲ್ಡ್‌ವಾಟರ್ ಅವರ ಗ್ರಂಥದ ನೆರಳನ್ನು ಈ ಶಿಲ್ಪಗಳ ಮೇಲೆ ಹುಡುಕಿದವರು ರೂಪಸಾಮ್ಯದಲ್ಲಿಯೇ ನಿಂತರು. ಸಾಮ್ಯಕ್ಕಿಂತ ಈ ಭೇದವೇ ಹೆಚ್ಚು ಮುಖ್ಯ.

1951ರಲ್ಲಿ ತಂದೆ ತೀರಿಕೊಂಡರು. ಬೂರ್ಜ್ವಾ ತೀವ್ರ ಖಿನ್ನತೆಗೆ ಒಳಗಾಗಿ ಹೆನ್ರಿ ಲೋವೆನ್‌ಫೆಲ್ಡ್ ಎಂಬ ಮನೋವಿಶ್ಲೇಷಕರ ಬಳಿ ಹೋಗತೊಡಗಿದರು. ಈ ಸಂಬಂಧ 1985ರಲ್ಲಿ ಲೋವೆನ್‌ಫೆಲ್ಡ್ ಅವರ ಮರಣದವರೆಗೂ ಉಳಿಯಿತು. ಅಷ್ಟು ದೀರ್ಘಕಾಲ ಮನೋವಿಶ್ಲೇಷಣೆಗೆ ಒಳಗಾದವರೇ 1990ರಲ್ಲಿ 'ಆರ್ಟ್‌ಫೋರಂ' ಪತ್ರಿಕೆಯಲ್ಲಿ ಫ್ರಾಯ್ಡ್‌ರ ಪುರಾತನ ಗೊಂಬೆಗಳ ಸಂಗ್ರಹವನ್ನು ಕುರಿತು ಬರೆಯುತ್ತ, ಕಲಾವಿದರಿಗೆ ಫ್ರಾಯ್ಡ್‌ನಿಂದ ಏನೂ ಉಪಕಾರವಾಗಲಿಲ್ಲ ಎಂಬ ನಿಲುವನ್ನು ತಾಳಿದರು. ಇದನ್ನು ವಿರೋಧಾಭಾಸವೆಂದು ತಳ್ಳಿಹಾಕುವುದು ಸರಿಯಲ್ಲ. ಔಷಧಿಯನ್ನು ಬಹುಕಾಲ ಸೇವಿಸಿದವರಿಗೆ ಅದರ ಮಿತಿಯನ್ನು ಹೇಳುವ ಅಧಿಕಾರ ಇರುತ್ತದೆ.

ವಿಮರ್ಶೆಯ ದಿಕ್ಕನ್ನೇ ಬದಲಿಸಿದ ವರ್ಷ 1982. ಆ ವರ್ಷ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಡೆಬೊರಾ ವೈ ಅವರ ನೇತೃತ್ವದಲ್ಲಿ ಬೂರ್ಜ್ವಾ ಅವರ ಸಮಗ್ರ ಪ್ರದರ್ಶನವನ್ನು ಏರ್ಪಡಿಸಿತು. ಕಲಾವಿದೆಗೆ ಆಗ ಎಪ್ಪತ್ತರ ಪ್ರಾಯ. ಅದೇ ವರ್ಷದ ಡಿಸೆಂಬರ್‌ನಲ್ಲಿ ಆಕೆ 'ಆರ್ಟ್‌ಫೋರಂ'ನಲ್ಲಿ ಬಾಲ್ಯದ ಚಿತ್ರಗಳೊಂದಿಗೆ ಒಂದು ಕಥನವನ್ನು ಪ್ರಕಟಿಸಿದರು. ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಬಂದು ಸುಮಾರು ಹತ್ತು ವರ್ಷ ಮನೆಯಲ್ಲಿಯೇ ಇದ್ದ ಸೇಡಿ ಎಂಬಾಕೆ ತಂದೆಯ ಪ್ರೇಯಸಿಯಾಗಿದ್ದಳು, ತಾಯಿ ಅದನ್ನು ಸಹಿಸಿಕೊಂಡಿದ್ದಳು, ಮಗಳು ಮೂವರಿಂದಲೂ ವಂಚಿತಳಾದಳು ಎಂಬುದು ಅದರ ಸಾರ. ಅಲ್ಲಿಯವರೆಗೆ ಆಕೆಯ ಕೃತಿಗಳನ್ನು ರೂಪದ ದೃಷ್ಟಿಯಿಂದ, ಸ್ತ್ರೀವಾದದ ದೃಷ್ಟಿಯಿಂದ ನೋಡುತ್ತಿದ್ದವರೆಲ್ಲ ಈಗ ಈ ಕಥೆಯನ್ನೇ ಬೀಗದ ಕೈಯಾಗಿ ಹಿಡಿದರು. ಮುಂದಿನ ಮೂರು ದಶಕಗಳ ಸಂದರ್ಶನಗಳಲ್ಲಿ, ಚಲನಚಿತ್ರಗಳಲ್ಲಿ ಆಕೆ ಇದನ್ನು ಮತ್ತೆ ಮತ್ತೆ ಹೇಳಿದರು. ಕಿತ್ತಳೆಯ ಸಿಪ್ಪೆಯಲ್ಲಿ ಮನುಷ್ಯಾಕೃತಿಯನ್ನು ಕತ್ತರಿಸಿ, ಮಗಳಿಗೆ ಇಲ್ಲದ ಅಂಗವನ್ನು ಎತ್ತಿ ತೋರಿಸಿ ಊಟದ ಮೇಜಿನಲ್ಲಿ ಎಲ್ಲರನ್ನೂ ನಗಿಸಿದ ತಂದೆಯ ಪ್ರಸಂಗವೂ ಇದರ ಜೊತೆಗೆ ಸೇರಿಕೊಂಡಿತು.

ಜಾನಪದ ಅಧ್ಯಯನದಲ್ಲಿ ಇಂಥದನ್ನು ಸ್ವಾನುಭವ ಕಥನ ಎಂದು ಕರೆಯುತ್ತಾರೆ. ಹಲವು ಬಾರಿ ಹೇಳಿದ ಸ್ವಾನುಭವ ಕಥನ ಒಂದು ಸ್ಥಿರ ರೂಪವನ್ನು ಪಡೆಯುತ್ತದೆ, ಅಲ್ಲಲ್ಲಿ ಸೂತ್ರವಾಕ್ಯಗಳು ನೆಲೆಗೊಳ್ಳುತ್ತವೆ, ಕೇಳುಗರ ನಿರೀಕ್ಷೆ ಅದನ್ನು ತಿದ್ದುತ್ತದೆ. ಅದು ಸುಳ್ಳಾಗುತ್ತದೆ ಎಂದಲ್ಲ, ಕಥೆಯಾಗುತ್ತದೆ. ಕಥೆಯಾದುದನ್ನು ಸಾಕ್ಷ್ಯವೆಂದು ಬಗೆದದ್ದು ಬೂರ್ಜ್ವಾ ವಿಮರ್ಶೆಯ ದೊಡ್ಡ ದೋಷ. ಮೀಕ ಬಾಲ್ ಅವರು 2001ರಲ್ಲಿ ಆಕೆಯ ಜೇಡಶಿಲ್ಪವನ್ನು ಕುರಿತ ಗ್ರಂಥದಲ್ಲಿ ಜೀವನಕಥೆಯಿಂದ ಕೃತಿಯನ್ನು ವಿವರಿಸುವ ಕ್ರಮವನ್ನು ಪ್ರಶ್ನಿಸಿದರು. ಮಿನ್ಯನ್ ನಿಕ್ಸನ್ ಅವರು 2005ರ 'ಫೆಂಟಾಸ್ಟಿಕ್ ರಿಯಾಲಿಟಿ' ಎಂಬ ಅಧ್ಯಯನದಲ್ಲಿ ಫ್ರಾಯ್ಡ್‌ನ ತಂದೆಯಿಂದ ಮೆಲನಿ ಕ್ಲೈನ್‌ರ ತಾಯಿಯ ಕಡೆಗೆ ಚರ್ಚೆಯನ್ನು ತಿರುಗಿಸಿದರು. ಇವರಿಬ್ಬರ ವಾದಗಳೂ ಮೌಲಿಕವಾದವು. ಆದರೂ ಇಬ್ಬರ ಗಮನವೂ ಹೆಚ್ಚಾಗಿ ಶಿಲ್ಪದ ಮೇಲಿತ್ತು. ಒಂದೇ ಕಥೆಯನ್ನು ಕಲಾವಿದೆ ಬದಲಿಸಿ ಬದಲಿಸಿ ಹೇಳಿದ ದಾಖಲೆ ಇರುವುದು ಅಚ್ಚಿನ ಹಾಳೆಗಳಲ್ಲಿ.

ಸಂಸ್ಕೃತಿ ಬದಲಾದಂತೆ ಮನೋವಿಶ್ಲೇಷಣೆಯ ಸೂತ್ರವೂ ಬದಲಾಗಬೇಕಾಗುತ್ತದೆ ಎಂಬುದನ್ನು ಕನ್ನಡದ ಕಥೆಯೊಂದರ ಮೂಲಕವೇ ಎ.ಕೆ. ರಾಮಾನುಜನ್ ತೋರಿಸಿದ್ದರು. ಡಂಡಿಸ್ ಅವರೂ ಸಹಸಂಪಾದಕರಾಗಿದ್ದ 1983ರ ಈಡಿಪಸ್ ಸಂಕಲನದಲ್ಲಿ ಸೇರಿದ ಅವರ ಪ್ರಬಂಧದಲ್ಲಿ, ಮಗನನ್ನೇ ಮದುವೆಯಾಗುವ ವಿಧಿಯನ್ನು ಹೊತ್ತು ಹುಟ್ಟಿದ ಹೆಣ್ಣಿನ ಕಥೆ ವಿಶ್ಲೇಷಣೆಗೆ ಒಳಗಾಗಿದೆ. ಅಲ್ಲಿ ಕಥೆ ತಾಯಿಯದು, ದುರಂತವೂ ಆಕೆಯದೇ. ಯಾರ ಕಣ್ಣಿನಿಂದ ಕಥೆ ಹೇಳಲಾಗುತ್ತಿದೆ ಎಂಬುದನ್ನು ಕೇಳದೆ ಸಂಕೇತದ ಅರ್ಥವನ್ನು ಹೇಳಲಾಗದು ಎಂಬ ಅವರ ಪಾಠ ಬೂರ್ಜ್ವಾ ಅವರ ವಿಷಯಕ್ಕೂ ಸಲ್ಲುತ್ತದೆ. ಸೇಡಿಯ ಕಥೆಯಲ್ಲಿ ಹೇಳುವವಳು ಯಾವಾಗಲೂ ಮಗಳು. ಜೇಡನ ಕೃತಿಗಳಲ್ಲಿ ಹೇಳುವವಳು ಯಾರು?

ಜೇಡ ಆಕೆಯ ಚಿತ್ರಗಳಲ್ಲಿ ಮೊದಲು ಕಾಣಿಸಿಕೊಂಡದ್ದು 1947ರಲ್ಲಿ, ಎರಡು ಸಣ್ಣ ರೇಖಾಚಿತ್ರಗಳಾಗಿ. ಆಮೇಲೆ ನಾಲ್ಕು ದಶಕಗಳಿಗೂ ಮೀರಿದ ಅಂತರ. 1990ರ ದಶಕದ ನಡುವೆ ಅದು ಉಕ್ಕಿನಲ್ಲಿಯೂ ತಾಮ್ರದ ಫಲಕದಲ್ಲಿಯೂ ಜೊತೆಜೊತೆಯಾಗಿ ಮರಳಿತು. 1995ರ 'ಓದ್ ಆ ಮಾ ಮೆರ್' ಎಂಬ ಪುಸ್ತಕದಲ್ಲಿ, ಅಂದರೆ ತಾಯಿಯ ಸ್ತುತಿಯಲ್ಲಿ, ಒಂಬತ್ತು ಡ್ರೈಪಾಯಿಂಟ್ ಅಚ್ಚುಗಳಿವೆ. 1999ರಲ್ಲಿ ರಚನೆಯಾಗಿ 2000ದಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ತೆರೆದಾಗ ಅಲ್ಲಿ ಪ್ರದರ್ಶಿತವಾದ 'ಮಾಮಾಂ' 9 ಮೀಟರಿಗೂ ಎತ್ತರದ ಉಕ್ಕಿನ ಜೇಡ. ಹೊಟ್ಟೆಯ ಚೀಲದಲ್ಲಿ ಅಮೃತಶಿಲೆಯ ಮೊಟ್ಟೆಗಳು. ಅದರ ಕಂಚಿನ ಪ್ರತಿಗಳು ಬಿಲ್ಬಾವೊ, ಒಟ್ಟಾವ, ಟೋಕಿಯೊ ಮುಂತಾದ ನಗರಗಳಲ್ಲಿ ನೆಲೆಸಿವೆ. 1932ರಲ್ಲಿ ತೀರಿಕೊಂಡ ತಾಯಿಯನ್ನು ಬೂರ್ಜ್ವಾ ಜೇಡನಿಗೆ ಹೋಲಿಸಿದ್ದು ಆಕೆ ತೆರೆಗಳನ್ನು ದುರಸ್ತಿ ಮಾಡುತ್ತಿದ್ದುದರಿಂದ. ಜೇಡ ಹರಿದ ಬಲೆಗೆ ಸಿಟ್ಟಾಗದೆ ಅದನ್ನು ಮತ್ತೆ ನೇಯುತ್ತದೆ ಎಂಬುದು ಆಕೆಯ ವಿವರಣೆಯ ಭಾವ.

ಯುರೋಪಿನ ಪರಂಪರೆಯಲ್ಲಿ ಜೇಡಕ್ಕೆ ಎರಡು ಮುಖಗಳಿವೆ. ದೇವತೆಯೊಂದಿಗೆ ನೇಯ್ಗೆಯಲ್ಲಿ ಸ್ಪರ್ಧಿಸಿ ಜೇಡವಾದ ಅರಾಕ್ನೆಯ ಕಥೆ ಒಂದು. ಬೆಳಗ್ಗೆ ಕಂಡ ಜೇಡ ದುಃಖಕ್ಕೆ, ಸಂಜೆ ಕಂಡ ಜೇಡ ಭರವಸೆಗೆ ಎಂಬ ಅರ್ಥದ ಫ್ರೆಂಚ್ ನಾಣ್ಣುಡಿ ಇನ್ನೊಂದು. ಈ ದ್ವಂದ್ವ 'ಮಾಮಾಂ' ಅಡಿಯಲ್ಲಿ ನಿಂತವರಿಗೆ ದೇಹದ ಅನುಭವವಾಗಿ ಒದಗುತ್ತದೆ. ಕಾಲುಗಳ ನಡುವೆ ನಿಂತವರು ಮಗುವಿನ ಗಾತ್ರಕ್ಕೆ ಇಳಿಯುತ್ತಾರೆ. ರಕ್ಷಣೆಯೋ ಬಲೆಯೋ ನಿರ್ಧರಿಸಲಾಗದು. ಅಚ್ಚಿನ ಪುಸ್ತಕದಲ್ಲಿ ಸಂಬಂಧ ಇದಕ್ಕೆ ವಿರುದ್ಧವಾದುದು. ಅಲ್ಲಿ ಜೇಡ ನೋಡುಗನ ಅಂಗೈಯಲ್ಲಿದೆ. ಶಿಲ್ಪದಲ್ಲಿ ಮಗಳು ತಾಯಿಯನ್ನು ನೋಡುತ್ತಾಳೆ. ಅಚ್ಚಿನಲ್ಲಿ ಸೂಜಿ ಹಿಡಿದು ತಾಮ್ರವನ್ನು ಗೀರುವ ಎಂಬತ್ತು ದಾಟಿದ ಕೈ ಸ್ವತಃ ಜೇಡನ ಕೆಲಸವನ್ನು ಮಾಡುತ್ತದೆ. ಹೇಳುವವಳು ಅಲ್ಲಿ ಮಗಳಲ್ಲ, ತಾಯಿ. ನಗರಗಳ ಚೌಕಗಳಲ್ಲಿ ಗುರುತಿನ ಕಂಬಗಳಾಗಿ ನಿಂತ ಕಂಚಿನ ಜೇಡಗಳಲ್ಲಿ ಈ ಸೂಕ್ಷ್ಮ ಸಾಕಷ್ಟು ಕಳೆದುಹೋಗಿದೆ ಎಂಬ ಮಾತನ್ನು ಹೇಳದಿರುವಂತಿಲ್ಲ. ಪ್ರವಾಸಿಗರು ಚಿತ್ರ ತೆಗೆಸಿಕೊಳ್ಳುವ ಜೇಡಕ್ಕೆ ಭಯ ಹುಟ್ಟಿಸುವ ಶಕ್ತಿ ಅಷ್ಟಾಗಿ ಉಳಿಯುವುದಿಲ್ಲ.

ಡ್ರೈಪಾಯಿಂಟ್ ವಿಧಾನದ ಬಗೆಗೆ ಕೊಂಚ ವಿವರಣೆ ಅಗತ್ಯ. ಇದರಲ್ಲಿ ಆಮ್ಲದ ಬಳಕೆಯಿಲ್ಲ. ಮೊನಚಾದ ಸೂಜಿಯಿಂದ ತಾಮ್ರವನ್ನು ನೇರವಾಗಿ ಗೀರಲಾಗುತ್ತದೆ. ಗೀರಿನ ಅಂಚಿನಲ್ಲಿ ಏಳುವ ಲೋಹದ ಪುಡಿಯಂಚು ಮಸಿಯನ್ನು ಹಿಡಿದುಕೊಳ್ಳುವುದರಿಂದ ಗೆರೆ ಮೃದುವಾಗಿ, ತುಸು ಹರಡಿದಂತೆ ಮೂಡುತ್ತದೆ. ಬ್ಯೂರಿನ್‌ಗೆ ಬೇಕಾದ ತೋಳಿನ ಬಲ ಇದಕ್ಕೆ ಬೇಡ. ಬೇಡದ ಗೆರೆಯನ್ನು ಕೆರೆದು, ಉಜ್ಜಿ, ಮತ್ತೆ ಗೀರಬಹುದು. ಆದರೆ ಕೆರೆದ ಗೆರೆಯ ನೆರಳು ಬಹಳ ಸಲ ಫಲಕದಲ್ಲಿ ಉಳಿಯುತ್ತದೆ. ಪ್ರತಿ ಬದಲಾವಣೆಗೂ ಒಂದು ಅಚ್ಚು ತೆಗೆದರೆ ಅದು ಒಂದು ಹಂತ. ಸಾಮಾನ್ಯವಾಗಿ ಮುದ್ರಣಕಾರರು ಕೊನೆಯ ಹಂತವನ್ನು ಕೃತಿಯೆಂದೂ ಹಿಂದಿನವುಗಳನ್ನು ಸಿದ್ಧತೆಯೆಂದೂ ಭಾವಿಸುತ್ತಾರೆ. ಬೂರ್ಜ್ವಾ ಹಿಂದಿನ ಹಂತಗಳನ್ನೂ ಉಳಿಸಿಕೊಂಡರು, ಅವುಗಳ ಮೇಲೆ ಶಾಯಿಯಿಂದ, ಪೆನ್ಸಿಲ್‌ನಿಂದ ಮತ್ತೆ ಬರೆದರು, ಹಳೆಯ ಫಲಕಗಳನ್ನು ದಶಕಗಳ ಬಳಿಕ ಹೊರತೆಗೆದರು. ಶಿಲ್ಪಕ್ಕಾಗಿ ಬಹುಕಾಲ ಬಿಟ್ಟಿದ್ದ ಮುದ್ರಣಕಲೆಗೆ ಆಕೆ 1980ರ ದಶಕದ ಕೊನೆಯ ಹೊತ್ತಿಗೆ ಪೂರ್ಣವಾಗಿ ಮರಳಿದಾಗ, ಮನೆಯ ನೆಲಮಾಳಿಗೆಯಲ್ಲಿ ಮುದ್ರಣಯಂತ್ರವಿತ್ತು. ಕಡೆದ ಮರಕ್ಕೆ, ಕೆತ್ತಿದ ಕಲ್ಲಿಗೆ ಹಿಂದಿರುಗುವ ದಾರಿಯಿಲ್ಲ. ತಾಮ್ರದ ಫಲಕವನ್ನು ಮಾತ್ರ ತೆರೆಯಂತೆ ದುರಸ್ತಿ ಮಾಡಬಹುದು.

ಈ ಮಾತಿಗೆ 1992ರ 'ಸೇಂತ್ ಸೆಬಾಸ್ಟಿಯೆನ್' ಉತ್ತಮ ನಿದರ್ಶನ. ಬಾಣಗಳಿಂದ ಇರಿಯಲ್ಪಟ್ಟ ಸಂತ ಸೆಬಾಸ್ಟಿಯನ್ ಯುರೋಪಿನ ಜನರಲ್ಲಿ ಪ್ಲೇಗಿನಿಂದ ಕಾಪಾಡುವ ಸಂತನೆಂದು ಪೂಜೆಗೊಂಡವನು. ಬೂರ್ಜ್ವಾ ಆ ಹೆಸರಿಗೆ ಸ್ತ್ರೀಲಿಂಗ ಪ್ರತ್ಯಯವನ್ನು ಹಚ್ಚಿ, ತುಂಬಿದ ಹೊಟ್ಟೆಯ ಹೆಣ್ಣನ್ನು ಬಾಣಗಳಿಗೆ ಗುರಿಯಾಗಿಸಿದರು. ಸಂತನ ದೇಹ ಕಂಬಕ್ಕೆ ಕಟ್ಟಿದ್ದು, ನಿಶ್ಚಲ. ಈಕೆ ನಡೆಯುತ್ತಿದ್ದಾಳೆ. ಚಿತ್ರದ ಹಂತಗಳನ್ನು ಸಾಲಾಗಿ ಇಟ್ಟು ನೋಡಿದರೆ ಗೆರೆಗಳು ಸೇರುತ್ತವೆ, ಮಾಯುತ್ತವೆ, ಮತ್ತೆ ಸೇರುತ್ತವೆ. ಯಾವ ಹಂತದಲ್ಲಿ ಆಕೆ ಗಾಯಗೊಂಡವಳು, ಯಾವ ಹಂತದಲ್ಲಿ ಗಾಯವನ್ನು ಮೀರಿದವಳು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಹಾಗೆಯೇ 1946-47ರ ವರ್ಣಚಿತ್ರಗಳಲ್ಲಿ ತಲೆಯ ಜಾಗದಲ್ಲಿ ಮನೆಯನ್ನು ಹೊತ್ತ 'ಫಾಮ್ ಮೇಸಾಂ' 1984ರಲ್ಲಿ ಅಚ್ಚಾಗಿ, 1994ರಲ್ಲಿ ಅಮೃತಶಿಲೆಯಾಗಿ ಬಂದಿತು. ಗೃಹಿಣಿ ಎಂಬುದನ್ನು ಅಕ್ಷರಶಃ ಒಡೆದು ಹೇಳುವ ಈ ರೂಪವನ್ನು 1976ರಲ್ಲಿ ಲೂಸಿ ಲಿಪ್ಪಾರ್ಡ್ ತಮ್ಮ ಸ್ತ್ರೀವಾದಿ ಪ್ರಬಂಧಗಳ ಸಂಕಲನದ ಮುಖಪುಟಕ್ಕೆ ಬಳಸಿದರು. ಮನೆ ಆಕೆಯನ್ನು ನುಂಗಿದೆಯೋ ಆಕೆಯೇ ಮನೆಯಾಗಿ ಬೆಳೆದಿದ್ದಾಳೋ ಎಂಬುದು ಪಾಠದಿಂದ ಪಾಠಕ್ಕೆ ಬದಲಾಗುತ್ತದೆ.

ಕೊನೆಯ ದಶಕದ 'ಓದ್ ಆ ಲುಬ್ಲಿ' ಅಂದರೆ ಮರೆವಿನ ಸ್ತುತಿ, ಬಟ್ಟೆಯ ಪುಸ್ತಕ. 2002ರಲ್ಲಿ ಆಕೆ ತಮ್ಮ ಹಳೆಯ ಉಡುಪುಗಳನ್ನು ಕತ್ತರಿಸಿ, ಮದುವೆಯ ಕಾಲದಿಂದ ಉಳಿದಿದ್ದ ಹೆಸರಕ್ಷರ ಕಸೂತಿಯ ಲಿನನ್ ಕೈವಸ್ತ್ರಗಳ ಮೇಲೆ ಹೊಲಿದು ಪುಟಗಳನ್ನಾಗಿ ಮಾಡಿದರು. ಗುಂಡಿಕಣ್ಣುಗಳ ಮೂಲಕ ಪುಟಗಳನ್ನು ಕೂಡಿಸಲಾಯಿತು. 2004ರಲ್ಲಿ ಇದರ ಸೀಮಿತ ಆವೃತ್ತಿ ಸಿದ್ಧವಾಯಿತು. ಉತ್ತರ ಕರ್ನಾಟಕದ ಕೌದಿಯನ್ನು ಬಲ್ಲವರಿಗೆ ಹೋಲಿಕೆ ಥಟ್ಟನೆ ಹೊಳೆಯುತ್ತದೆ. ಆದರೆ ಕೌದಿ ಹೊದೆಯುವುದಕ್ಕೆ, ಈ ಪುಸ್ತಕ ಮುಚ್ಚಿಡುವುದಕ್ಕೆ. ಕೌದಿಯಲ್ಲಿ ಯಾರ ಸೀರೆ ಎಲ್ಲಿದೆ ಎಂದು ಮನೆಮಂದಿಯೆಲ್ಲ ಬಲ್ಲರು; ಇಲ್ಲಿ ಬಲ್ಲವರು ಒಬ್ಬರೇ.

2004 ಮತ್ತು 2010ರಲ್ಲಿ ಆಕೆಯ ಮನೆಯಲ್ಲಿ ಮನೋವಿಶ್ಲೇಷಣೆಯ ಕಾಲದ ಬಿಡಿಹಾಳೆಗಳ ಪೆಟ್ಟಿಗೆಗಳು ಪತ್ತೆಯಾದವು. ಕನಸುಗಳು, ಪಟ್ಟಿಗಳು, ಅರೆಬರೆ ವಾಕ್ಯಗಳು ತುಂಬಿದ ಸುಮಾರು ಸಾವಿರ ಹಾಳೆಗಳು ಅವು. ಇವು 2012ರ ಹೊತ್ತಿಗೆ ಭಾಗಶಃ ಪ್ರಕಟವಾದ ಮೇಲೆ ಕೆಲವರು ಕೊನೆಗೂ ಮೂಲಪಾಠ ದೊರೆಯಿತೆಂದು ಸಂಭ್ರಮಿಸಿದರು. ಆದರೆ ಈ ಹಾಳೆಗಳಲ್ಲಿ ಕಾಣುವ ಆತಂಕಗಳಲ್ಲಿ ಹೆಚ್ಚಿನವು ಸೇಡಿಯ ಕಥೆಯವಲ್ಲ. ಹೆಂಡತಿಯಾಗಿ, ಮೂವರು ಮಕ್ಕಳ ತಾಯಿಯಾಗಿ, ಕೆಲಸ ಸಾಗದ ಕಲಾವಿದೆಯಾಗಿ ತನ್ನ ಮೇಲೆಯೇ ಹುಟ್ಟಿದ ಸಿಟ್ಟು, ಅಪರಾಧಭಾವ ಅಲ್ಲಿ ದಟ್ಟವಾಗಿವೆ. ಅಂದರೆ ಪೆಟ್ಟಿಗೆಯಿಂದ ಹೊರಬಂದದ್ದು ಮೂಲವಲ್ಲ, ಇನ್ನೊಂದು ಪಾಠಾಂತರ. ಇದೇ ಕಾಲದಲ್ಲಿ, ತೊಂಬತ್ತಾರನೆಯ ವಯಸ್ಸಿನಲ್ಲಿ, ಆಕೆ 2008ರ 'ಆ ಲ್ಯಾಂಫಿನಿ' ಸರಣಿಯ ಎಚಿಂಗ್ ಅಚ್ಚುಗಳ ಮೇಲೆ ಕೈಯಿಂದ ಕೆಂಪು ಗೆರೆಗಳನ್ನು, ಬಣ್ಣವನ್ನು ಸೇರಿಸುತ್ತಿದ್ದರು. ಹೆಣೆದುಕೊಂಡು ಹೋಗುವ ನಾಳಗಳು, ಎಳೆಗಳು, ಅವುಗಳ ನಡುವೆ ತೇಲುವ ದೇಹಗಳು. ಒತ್ತಿ ತೆಗೆದ ಹಾಳೆಯನ್ನೂ ಮುಗಿದದ್ದೆಂದು ಬಿಡದೆ, ಮತ್ತೆ ಕೈಗೆತ್ತಿಕೊಂಡು, ಇಲ್ಲದ ಪಾದಗಳನ್ನು ಬರೆಯುತ್ತಿದ್ದ ಹುಡುಗಿಯಂತೆಯೇ ಆಕೆ ಅದರ ಮೇಲೆ ಬಾಗಿ ಕುಳಿತಿದ್ದರು.